ಮೂಳೆಗೆ ಮಾತ್ರೆ: ಯಾರಿಗೆ, ಯಾವುದು, ಎಷ್ಟು

ವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಶೇಕಡಾ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲೇ ಕೂಡಿಕೊಂಡಿರುತ್ತದೆ. ಮಿಕ್ಕ ಶೇಕಡಾ 1 ರಕ್ತ, ಸ್ನಾಯು, ನರಗಳಲ್ಲಿ ಹಂಚಿಹೋಗಿರುತ್ತದೆ. ಹೃದಯ ಬಡಿಯುವುದು, ಸ್ನಾಯು ಬಿಗಿಯುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಎಲ್ಲವೂ ಆ ಚಿಕ್ಕ ಪಾಲನ್ನು ನೆಚ್ಚಿಕೊಂಡಿವೆ. ಹಾಗಾಗಿ ದೇಹವು ರಕ್ತದ ಕ್ಯಾಲ್ಸಿಯಂ ಅನ್ನು ಪ್ರತಿ ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂನೊಳಗೆ ಬಿಗಿಯಾಗಿ ಹಿಡಿದಿಡುತ್ತದೆ. ಊಟದಿಂದ ಸಾಕಷ್ಟು ಬರದಿದ್ದಾಗ ಥೈರಾಯ್ಡಿನ ಹಿಂಬದಿಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನ್ ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿಕೊಳ್ಳುತ್ತವೆ. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದು ಬಂದರೂ ಮೂಳೆ ಒಳಗೊಳಗೇ ಬಡವಾಗುತ್ತಿರಬಹುದು ಎಂಬುದು ಇದರ ಅರ್ಥ.

ಮೂಳೆ ಕಲ್ಲಿನಂತೆ ಕಂಡರೂ ಅದು ಜೀವಂತ ಅಂಗಾಂಶ. ಕೊಲಾಜೆನ್ ಎಂಬ ಪ್ರೋಟೀನಿನ ಹೆಣಿಗೆಯ ಮೇಲೆ ಕ್ಯಾಲ್ಸಿಯಂ-ಫಾಸ್ಫೇಟಿನ ಹರಳುಗಳು ಕೂತು ಅದು ಗಟ್ಟಿಯಾಗುತ್ತದೆ. ಒಂದು ಬಗೆಯ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿದ್ದರೆ ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತಿರುತ್ತವೆ. ಹೀಗೆ ವರ್ಷಕ್ಕೆ ಹತ್ತರಲ್ಲೊಂದು ಪಾಲಿನಷ್ಟು ಅಸ್ಥಿಪಂಜರ ಬದಲಾಗುತ್ತದೆ. ಇಪ್ಪತ್ತೈದು-ಮೂವತ್ತರ ವಯಸ್ಸಿನವರೆಗೆ ಕಟ್ಟುವ ಕೆಲಸ ಮುಂದು, ನಂತರ ಕರಗುವ ಕೆಲಸ ನಿಧಾನವಾಗಿ ಮೇಲುಗೈ ಪಡೆಯುತ್ತದೆ. ಮುಟ್ಟು ನಿಂತ ಮೇಲಿನ ಐದಾರು ವರ್ಷಗಳಲ್ಲಿ ಈಸ್ಟ್ರೋಜನ್ ಇಳಿಯುವುದರಿಂದ ಹೆಂಗಸರಲ್ಲಿ ಈ ನಷ್ಟ ಬಹಳ ವೇಗವಾಗಿರುತ್ತದೆ. ಗಂಡಸರಿಗೂ ಇದು ತಪ್ಪಿದ್ದಲ್ಲ, ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೆ.

ಮಾತ್ರೆ ಬೇಕೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಮೊದಲು ಅಡುಗೆಮನೆಯಲ್ಲಿ, ಆಮೇಲೆ ಮೆಡಿಕಲ್ ಶಾಪಿನಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಎದೆಹಾಲು ಕುಡಿಸುವ ತಾಯಂದಿರಿಗೆ ಮತ್ತು ಮುಟ್ಟು ನಿಂತ ಹೆಂಗಸರಿಗೆ 1200. ಅದಕ್ಕೂ ಹತ್ತು ವರ್ಷ ಹಿಂದಿನ, 2010ರ ಶಿಫಾರಸಿನಲ್ಲಿ ವಯಸ್ಕರಿಗೆ 600 ಮಿಲಿಗ್ರಾಂ ಸಾಕೆಂದಿತ್ತು. ಹಳೆಯ ಪುಸ್ತಕಗಳನ್ನು ನೋಡಿ ಲೆಕ್ಕ ಹಾಕುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಈ 1000 ಮಿಲಿಗ್ರಾಂ ಊಟದಿಂದಲೇ ಬರುವುದು ಸಾಧ್ಯವೇ? ಹಳೇ ಮೈಸೂರಿನ ಹಳ್ಳಿಯ ಊಟವನ್ನೇ ತೆಗೆದುಕೊಳ್ಳಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಇದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ. ಎಂಬತ್ತು ಗ್ರಾಂ ಹಿಟ್ಟಿನ ಒಂದು ಮುದ್ದೆಗೆ 290ರಷ್ಟಾಯಿತು. ಎರಡು ಹೊತ್ತು ಮುದ್ದೆ, ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು ಸೇರಿದರೆ ಲೆಕ್ಕ ಸಾವಿರದ ಹತ್ತಿರ ಬರುತ್ತದೆ. ಅದೇ ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಚಪಾತಿ, ನಡುವೆ ಎರಡು ಸಣ್ಣ ಕಾಫಿ ಎಂದಾದರೆ ಒಟ್ಟು 400 ದಾಟುವುದು ಕಷ್ಟ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನೂರು ಗ್ರಾಂಗೆ 10 ಮಿಲಿಗ್ರಾಂ ಕೂಡ ಇಲ್ಲ. ಹಾಲು, ಮೊಸರಿನಲ್ಲಿ ನೂರು ಮಿಲಿಲೀಟರಿಗೆ ಸುಮಾರು 120 ಮಿಲಿಗ್ರಾಂ, ನುಗ್ಗೆಸೊಪ್ಪಿನಲ್ಲಿ ನೂರು ಗ್ರಾಂಗೆ 300ಕ್ಕೂ ಹೆಚ್ಚು, ಹುರುಳಿಕಾಳಿನಲ್ಲಿ 270ರಷ್ಟು. ಎಳ್ಳಿನಲ್ಲಿ ಸಾವಿರಕ್ಕೂ ಮೇಲಿದ್ದರೂ ಯಾರೂ ನೂರು ಗ್ರಾಂ ಎಳ್ಳು ತಿನ್ನುವುದಿಲ್ಲ. ಚಟ್ನಿಪುಡಿಯಲ್ಲಿ ಹೋಗುವ ಒಂದು ಚಮಚಕ್ಕೆ ತಕ್ಕಷ್ಟೇ ಲೆಕ್ಕ. ಕರಾವಳಿಯವರಿಗೆ ಮುಳ್ಳುಸಮೇತ ತಿನ್ನುವ ಸಣ್ಣ ಮೀನು ಒಳ್ಳೆಯ ಮೂಲ.

ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ ಎಂಬುದೂ ನಿಜ. ಹಾಲಿನ ಕ್ಯಾಲ್ಸಿಯಂನಲ್ಲಿ ಸುಮಾರು ಶೇಕಡಾ 30 ಕರುಳಿನಿಂದ ಒಳಸೇರುತ್ತದೆ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಕಟ್ಟಿಹಾಕುವುದರಿಂದ ಶೇಕಡಾ 5ರಷ್ಟೇ ದಕ್ಕುತ್ತದೆ. ರಾಗಿಯಲ್ಲಿ ಫೈಟೇಟ್ ಅಡ್ಡಿಯಾಗುತ್ತದೆ. ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ ಬೀಸಿದರೆ ಆ ಅಡ್ಡಿ ಇಳಿಯುತ್ತದೆ. ಕೂಸಿಗೆ ಕೊಡುವ ರಾಗಿ ಸರಿಗೆ ಈ ಕ್ರಮ ಅನುಸರಿಸುವ ಮನೆಗಳು ಅದೇ ಹಿಟ್ಟನ್ನು ದೊಡ್ಡವರ ಅಂಬಲಿಗೂ ಬಳಸಬಹುದು. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ, ಹಾಗಾಗಿ ಉಪ್ಪಿನಕಾಯಿ ಮತ್ತು ಹಪ್ಪಳಕ್ಕೆ ಮಿತಿಯಿರಲಿ. ಎಲೆಗೆ ಹಚ್ಚುವ ಸುಣ್ಣದಿಂದ ಕ್ಯಾಲ್ಸಿಯಂ ಸಿಗುತ್ತದಲ್ಲ ಎಂದು ವಾದಿಸುವ ಹಿರಿಯರಿದ್ದಾರೆ. ಸಿಗುತ್ತದೆ ನಿಜ; ಆದರೆ ಸುಣ್ಣದ ಜೊತೆ ಹೋಗುವ ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ಖಚಿತಪಟ್ಟಿರುವಾಗ ಮೂಳೆಯ ನೆಪದಲ್ಲಿ ಎಲೆ-ಅಡಿಕೆಯನ್ನು ಸಮರ್ಥಿಸುವುದು ಸಲ್ಲದು.

ದಿನದ ಊಟದ ಲೆಕ್ಕ ಹಾಕಿ, ಬೇಕಾದದ್ದಕ್ಕೂ ಸಿಗುತ್ತಿರುವುದಕ್ಕೂ ಇರುವ ಅಂತರವನ್ನಷ್ಟೇ ಮಾತ್ರೆಯಿಂದ ತುಂಬಬೇಕು. ಊಟದಿಂದ 600 ಮಿಲಿಗ್ರಾಂ ಬರುತ್ತಿರುವವರಿಗೆ 1000 ಮಿಲಿಗ್ರಾಂ ಮಾತ್ರೆ ಬೇಕಿಲ್ಲ, 400-500 ಸಾಕು. ಹಾಲು ಒಗ್ಗದವರು, ವೀಗನ್ ಆಹಾರದವರು, ಮುಟ್ಟು ಬೇಗ ನಿಂತವರು, ತಿಂಗಳುಗಟ್ಟಲೆ ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಕರುಳಿನ ಕಾಯಿಲೆಯಿರುವವರು, ಮನೆಯಿಂದ ಹೊರಬಾರದ ವೃದ್ಧರು, ಗರ್ಭಿಣಿಯರು, ಬಾಣಂತಿಯರು, ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್‌ಗೆ ಔಷಧ ಪಡೆಯುತ್ತಿರುವವರು: ಮಾತ್ರೆಯ ಅಗತ್ಯ ಹೆಚ್ಚಾಗಿ ಬೀಳುವುದು ಇವರಿಗೆ. ಮೂವತ್ತರ ಆರೋಗ್ಯವಂತನೊಬ್ಬ ಜಿಮ್‌ನಲ್ಲಿ ಯಾರೋ ಹೇಳಿದರೆಂದು ತಿನ್ನುವ ಕ್ಯಾಲ್ಸಿಯಂನಿಂದ ಆತನ ಮೂಳೆಗೆ ಆಗುವ ಲಾಭ ಹೇಳಿಕೊಳ್ಳುವಂಥದ್ದಲ್ಲ.

ಡಬ್ಬಿಯ ಮೇಲಿನ ಅಂಕಿ

ಕ್ಯಾಲ್ಸಿಯಂ ಎಂದೂ ಒಂಟಿಯಾಗಿ ಮಾತ್ರೆಯಲ್ಲಿ ಇರುವುದಿಲ್ಲ. ಕಾರ್ಬೊನೇಟ್, ಸಿಟ್ರೇಟ್, ಲ್ಯಾಕ್ಟೇಟ್, ಗ್ಲೂಕೊನೇಟ್, ಫಾಸ್ಫೇಟ್ ಎಂಬ ಯಾವುದಾದರೊಂದು ಲವಣದ ರೂಪದಲ್ಲಿರುತ್ತದೆ. ದೇಹಕ್ಕೆ ಲೆಕ್ಕಕ್ಕೆ ಬರುವುದು ಲವಣದ ತೂಕವಲ್ಲ, ಅದರೊಳಗಿನ ಶುದ್ಧ ಕ್ಯಾಲ್ಸಿಯಂನ ತೂಕ. ಇದನ್ನು ಎಲಿಮೆಂಟಲ್ ಕ್ಯಾಲ್ಸಿಯಂ ಎಂದು ಲೇಬಲ್ಲಿನಲ್ಲಿ ಬರೆದಿರುತ್ತಾರೆ. ಕಾರ್ಬೊನೇಟಿನಲ್ಲಿ ಇದು ಶೇಕಡಾ 40. ಅಂದರೆ 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಮಾತ್ರೆಯಿಂದ ಸಿಗುವುದು 500 ಮಿಲಿಗ್ರಾಂ. ಸಿಟ್ರೇಟಿನಲ್ಲಿ ಶೇಕಡಾ 21. 1000 ಮಿಲಿಗ್ರಾಂ ಸಿಟ್ರೇಟ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಒಳಗಿರುವ ಕ್ಯಾಲ್ಸಿಯಂ 210 ಮಿಲಿಗ್ರಾಂ ಮಾತ್ರ. ಲ್ಯಾಕ್ಟೇಟಿನಲ್ಲಿ ಶೇಕಡಾ 13, ಗ್ಲೂಕೊನೇಟಿನಲ್ಲಿ 9. ಎರಡು ಡಬ್ಬಿಗಳ ಬೆಲೆ ಹೋಲಿಸುವಾಗ ಮುಂಭಾಗದ ದೊಡ್ಡ ಅಂಕಿಯನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರ ಓದಬೇಕಾದದ್ದು ಈ ಕಾರಣಕ್ಕೆ. ಒಂದು ಸರ್ವಿಂಗ್ ಎಂದರೆ ಒಂದು ಮಾತ್ರೆಯೋ ಎರಡೋ ಎಂಬುದೂ ಅಲ್ಲೇ ಇರುತ್ತದೆ.

ಹೆಚ್ಚಿನವರಿಗೆ ಕಾರ್ಬೊನೇಟ್ ಸಾಕು. ಅದು ಅಗ್ಗ, ಮಾತ್ರೆಗಳ ಸಂಖ್ಯೆಯೂ ಕಡಿಮೆ. ಅದು ಕರಗಲು ಹೊಟ್ಟೆಯ ಆಮ್ಲ ಬೇಕು, ಹಾಗಾಗಿ ಊಟದ ಜೊತೆ ಅಥವಾ ಊಟವಾದ ಕೂಡಲೇ ತೆಗೆದುಕೊಳ್ಳಬೇಕು. ಗ್ಯಾಸ್, ಹೊಟ್ಟೆ ಉಬ್ಬರ, ಮಲಬದ್ಧತೆ ಇದರ ಕಿರಿಕಿರಿಗಳು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಅಸಿಡಿಟಿ ಮಾತ್ರೆಗಳನ್ನು ದಿನವೂ ನುಂಗುವವರಲ್ಲಿ, ಬೊಜ್ಜಿಗೆ ಹೊಟ್ಟೆಯ ಆಪರೇಷನ್ ಆದವರಲ್ಲಿ, ತೀರ ವಯಸ್ಸಾದವರಲ್ಲಿ ಆಮ್ಲ ಕಡಿಮೆಯಿರುವುದರಿಂದ ಕಾರ್ಬೊನೇಟ್ ಸರಿಯಾಗಿ ಹತ್ತುವುದಿಲ್ಲ. ಅವರಿಗೆ ಸಿಟ್ರೇಟ್ ಒಳ್ಳೆಯದು. ಖಾಲಿ ಹೊಟ್ಟೆಯಲ್ಲಾದರೂ ನಡೆಯುತ್ತದೆ, ಮಲಬದ್ಧತೆಯೂ ಕಡಿಮೆ. ಬೆಲೆ ಮತ್ತು ಮಾತ್ರೆಯ ಗಾತ್ರ ಮಾತ್ರ ಹೆಚ್ಚು.

ಚಿಪ್ಪಿನಿಂದ ತೆಗೆದ ಕ್ಯಾಲ್ಸಿಯಂ, ಹವಳದ ಕ್ಯಾಲ್ಸಿಯಂ ಎಂದು ಮಾರುವುದೂ ರಾಸಾಯನಿಕವಾಗಿ ಕಾರ್ಬೊನೇಟೇ. ಸಮುದ್ರದಿಂದ ಬಂತೆಂಬ ಕಾರಣಕ್ಕೆ ಅದಕ್ಕೆ ವಿಶೇಷ ಶಕ್ತಿ ಬರುವುದಿಲ್ಲ. ಸರಿಯಾಗಿ ಶುದ್ಧೀಕರಿಸದ ಚಿಪ್ಪು, ಮೂಳೆಪುಡಿ, ಡಾಲೊಮೈಟ್‌ಗಳಲ್ಲಿ ಸೀಸದ ಅಂಶ ಇರುವ ಅಪಾಯವಿದೆ, ಆದ್ದರಿಂದ ಹೆಸರು-ವಿಳಾಸವಿಲ್ಲದ ಪುಡಿಗಳನ್ನು, ವಿಶೇಷವಾಗಿ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ, ಕೊಡಬಾರದು.

ಕರುಳು ಒಂದು ಸಲಕ್ಕೆ ಹೀರಬಲ್ಲ ಕ್ಯಾಲ್ಸಿಯಂಗೂ ಮಿತಿಯಿದೆ. ಒಮ್ಮೆಗೆ 500 ಮಿಲಿಗ್ರಾಂ ಮೀರಿದರೆ ಹೀರುವ ಪ್ರಮಾಣ ಇಳಿಯುತ್ತದೆ. ದಿನಕ್ಕೆ 1000 ಬೇಕಾದವರು ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಒಡೆದು ತೆಗೆದುಕೊಳ್ಳುವುದು ಸರಿ. ಬೇರೆ ಔಷಧಗಳ ಜೊತೆಗಿನ ಜಗಳ ಇದಕ್ಕಿಂತ ಮುಖ್ಯ, ಮತ್ತು ಮನೆಗಳಲ್ಲಿ ಹೆಚ್ಚು ತಪ್ಪಾಗುವುದೂ ಇಲ್ಲೇ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಬೇಕು. ಎರಡನ್ನೂ ಬೆಳಗಿನ ಕಾಫಿಯೊಂದಿಗೆ ನುಂಗಿ, ಥೈರಾಯ್ಡ್ ಪರೀಕ್ಷೆಯ ಟಿ.ಎಸ್.ಎಚ್. ಅಂಕಿ ಏಕೆ ಇಳಿಯುತ್ತಿಲ್ಲ ಎಂದು ಕೇಳಿಕೊಂಡು ವೈದ್ಯರಲ್ಲಿಗೆ ಬರುವವರು ಕಡಿಮೆಯಿಲ್ಲ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಅಡ್ಡಗಟ್ಟುತ್ತದೆ, ಕನಿಷ್ಠ ಎರಡು ಗಂಟೆ ಬಿಡಬೇಕು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯೋಟಿಕ್ ಕೂಡ ಕ್ಯಾಲ್ಸಿಯಂನೊಂದಿಗೆ ಸೇರಿದರೆ ಕೆಲಸಕ್ಕೆ ಬಾರದಂತಾಗುತ್ತದೆ. ಮೂಳೆಗೆಂದೇ ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ, ಬರಿ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗದೆ ಇರಬೇಕು. ಕ್ಯಾಲ್ಸಿಯಂ ಅದಾದ ಮೇಲೆ, ಊಟದ ಹೊತ್ತಿಗೆ.

ಬಿಸಿಲು ಮತ್ತು ವಿಟಮಿನ್ ಡಿ

ಕ್ಯಾಲ್ಸಿಯಂ ಎಷ್ಟು ತಿಂದರೂ ವಿಟಮಿನ್ ಡಿ ಇಲ್ಲದೆ ಕರುಳು ಅದನ್ನು ಸರಿಯಾಗಿ ಹೀರದು. ಊಟದಲ್ಲಿ ವಿಟಮಿನ್ ಡಿ ಬಹಳ ಕಡಿಮೆ: ಬೂತಾಯಿಯಂಥ ಎಣ್ಣೆ ಮೀನು, ಮೊಟ್ಟೆಯ ಹಳದಿ, ಡಿ ಸೇರಿಸಿದ ಹಾಲು ಬಿಟ್ಟರೆ ಹೇಳಿಕೊಳ್ಳುವ ಮೂಲಗಳಿಲ್ಲ. ಸಸ್ಯಾಹಾರಿಗೆ ಬಿಸಿಲೇ ಗತಿ. ಚರ್ಮದಲ್ಲಿರುವ ಒಂದು ಬಗೆಯ ಕೊಲೆಸ್ಟರಾಲ್ ಮೇಲೆ ಸೂರ್ಯನ ಅತಿನೇರಳೆ-ಬಿ ಕಿರಣ ಬಿದ್ದಾಗ ಅದು ಡಿ3 ಆಗುತ್ತದೆ. ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳು ಅದನ್ನು ಎರಡು ಹಂತದಲ್ಲಿ ಕೆಲಸಕ್ಕೆ ಸಿದ್ಧಗೊಳಿಸುತ್ತವೆ.

ಎಳೆಬಿಸಿಲು ಮೂಳೆಗೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೆಳಿಗ್ಗೆ ಏಳರ ಬಿಸಿಲು ಹಿತವಾಗಿರುತ್ತದೆ, ನಡೆದಾಡಲು ಚೆನ್ನ, ಆದರೆ ಅದರಲ್ಲಿ ಅತಿನೇರಳೆ-ಬಿ ಇಲ್ಲವೆನ್ನುವಷ್ಟು ಕಡಿಮೆ. ಸೂರ್ಯ ವಾರೆಯಾಗಿರುವಾಗ ಆ ಕಿರಣಗಳನ್ನು ವಾತಾವರಣವೇ ಹೀರಿಬಿಡುತ್ತದೆ. ನೆರಳು ನಮ್ಮ ಎತ್ತರಕ್ಕಿಂತ ಮೋಟಾಗಿರುವ ಹೊತ್ತು, ಅಂದಾಜು ಹನ್ನೊಂದರಿಂದ ಮಧ್ಯಾಹ್ನ ಎರಡು-ಮೂರರವರೆಗೆ, ಡಿ ತಯಾರಾಗುವ ಹೊತ್ತು. ಮುಖ, ತೋಳುಗಳಿಗೆ ವಾರದಲ್ಲಿ ಹಲವು ದಿನ ಅರ್ಧ ಗಂಟೆಯಷ್ಟು ಈ ಬಿಸಿಲು ಬಿದ್ದರೆ ಪ್ರಯೋಜನ; ಕಪ್ಪು ಚರ್ಮಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಕಿಟಕಿಯ ಗಾಜು ಅತಿನೇರಳೆ-ಬಿ ಕಿರಣವನ್ನು ತಡೆಯುವುದರಿಂದ ಗಾಜಿನೊಳಗೆ ಕೂತು ಮೈಕಾಯಿಸಿಕೊಂಡರೆ ಬೆಚ್ಚಗಾಗುತ್ತದೆಯೇ ಹೊರತು ಡಿ ಹುಟ್ಟುವುದಿಲ್ಲ. ವರ್ಷವಿಡೀ ಬಿಸಿಲಿರುವ ನಾಡಿನಲ್ಲಿ ಡಿ ಕೊರತೆ ಇಷ್ಟು ವ್ಯಾಪಕವಾಗಿರುವುದಕ್ಕೆ ಕಾರಣ ಬಿಸಿಲ ಕೊರತೆಯಲ್ಲ. ಕಚೇರಿ, ಕಾರು, ಮೈತುಂಬ ಬಟ್ಟೆ, ಹೊಗೆ, ಬಿಸಿಲಿಗೆ ಕಪ್ಪಾಗುತ್ತೇವೆಂಬ ಭಯ. ಇಂಗ್ಲೆಂಡ್, ಕೆನಡಾಗಳಲ್ಲಿ ನೆಲೆಸಿದ ಕನ್ನಡಿಗರ ಸ್ಥಿತಿ ಬೇರೆ. ಅಲ್ಲಿನ ಚಳಿಗಾಲದಲ್ಲಿ ನಡುಹಗಲಲ್ಲಿ ಹೊರಗೆ ನಿಂತರೂ ಕಿರಣ ಸಾಲದು; ಕಪ್ಪು ಚರ್ಮದವರು ಅಲ್ಲಿ ವರ್ಷಪೂರ್ತಿ ಮಾತ್ರೆ ತೆಗೆದುಕೊಳ್ಳುವ ಬಗ್ಗೆ ಯೋಚಿಸಬೇಕೆಂದು ಇಂಗ್ಲೆಂಡಿನ ಆರೋಗ್ಯ ಇಲಾಖೆಯೇ ಹೇಳುತ್ತದೆ.

ವಿಟಮಿನ್ ಡಿಯನ್ನು ಅಳೆಯುವುದು ಅಂತರರಾಷ್ಟ್ರೀಯ ಯೂನಿಟ್ ಅಥವಾ ಮೈಕ್ರೊಗ್ರಾಂನಲ್ಲಿ. ಒಂದು ಮೈಕ್ರೊಗ್ರಾಂ ಎಂದರೆ 40 ಯೂನಿಟ್. ವಯಸ್ಕರಿಗೆ ದಿನಕ್ಕೆ 600, ವೃದ್ಧರಿಗೆ 800 ಯೂನಿಟ್ ಎಂಬುದು ಭಾರತದ ಶಿಫಾರಸು. ಮಾತ್ರೆಗಳಲ್ಲಿ ಬರುವ ಎರಡು ಬಗೆಗಳಲ್ಲಿ ಡಿ2ಕ್ಕಿಂತ ಡಿ3 ರಕ್ತದ ಮಟ್ಟವನ್ನು ಚೆನ್ನಾಗಿ ಏರಿಸುತ್ತದೆ. ಕೊಬ್ಬಿನಲ್ಲಿ ಕರಗುವ ವಿಟಮಿನ್ ಆದ್ದರಿಂದ ಹಾಲು ಅಥವಾ ತುಪ್ಪ-ಎಣ್ಣೆಯಿರುವ ಊಟದ ಜೊತೆ ತೆಗೆದುಕೊಳ್ಳಬೇಕು.

ಭಾರತದ ಮೆಡಿಕಲ್ ಶಾಪುಗಳಲ್ಲಿ ಹೆಚ್ಚು ಓಡುವುದು 60,000 ಯೂನಿಟ್ಟಿನ ಸ್ಯಾಚೆ ಅಥವಾ ಕ್ಯಾಪ್ಸೂಲ್. ರಕ್ತದಲ್ಲಿ ಡಿ ಮಟ್ಟ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಬರೆದು, ನಂತರ ತಿಂಗಳಿಗೊಂದಕ್ಕೆ ಇಳಿಸುತ್ತಾರೆ. ತಿಂಗಳಿಗೊಂದು ಎಂದರೆ ದಿನಕ್ಕೆ 2000 ಯೂನಿಟ್ ಆಯಿತು. ವಾರಕ್ಕೊಂದು ಎಂಬುದು ಚಿಕಿತ್ಸೆಯ ಪ್ರಮಾಣ, ಅದಕ್ಕೊಂದು ಕೊನೆಯ ದಿನಾಂಕ ಇರಬೇಕು. ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದು ಎಂದು ತಿಳಿದು ನುಂಗಿದವರು, ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಮುಂದುವರಿಸಿದವರು, ಸೊಂಟನೋವಿಗೆಂದು 6,00,000 ಯೂನಿಟ್ಟಿನ ಇಂಜೆಕ್ಷನ್ನನ್ನು ಪದೇಪದೇ ಹಾಕಿಸಿಕೊಂಡವರು ಆಸ್ಪತ್ರೆ ಸೇರಿದ ವರದಿಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿವೆ. ಡಿ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ವಾಂತಿ, ಹಸಿವಿಲ್ಲದಿರುವುದು, ಮಲಬದ್ಧತೆ, ತಡೆಯಲಾಗದ ಬಾಯಾರಿಕೆ, ಪದೇಪದೇ ಮೂತ್ರ, ಮಂಕು, ಕೊನೆಗೆ ಕಿಡ್ನಿಗೆ ಪೆಟ್ಟು. ವೈದ್ಯರ ಮೇಲ್ವಿಚಾರಣೆ ಇಲ್ಲದೆ ದಿನಕ್ಕೆ 4000 ಯೂನಿಟ್ ದಾಟಬಾರದು.

ಹಾಗಾದರೆ ಎಲ್ಲರೂ ಡಿ ಪರೀಕ್ಷೆ ಮಾಡಿಸಬೇಕೇ? ಬೇಡ. ಅಮೆರಿಕದ ಎಂಡೊಕ್ರೈನ್ ಸೊಸೈಟಿ 2024ರಲ್ಲಿ ತನ್ನ ಹಳೆಯ ನಿಲುವನ್ನು ಬದಲಿಸಿ, ಆರೋಗ್ಯವಂತರಿಗೆ ವಾಡಿಕೆಯಂತೆ ಈ ಪರೀಕ್ಷೆ ಬೇಕಿಲ್ಲ ಎಂದಿತು. 30 ನ್ಯಾನೊಗ್ರಾಂ ಮುಟ್ಟಲೇಬೇಕೆಂಬ ಗುರಿಯನ್ನೂ ಕೈಬಿಟ್ಟಿತು. ಎಪ್ಪತ್ತೈದು ದಾಟಿದವರು, ಗರ್ಭಿಣಿಯರು, ಮಕ್ಕಳು ಪರೀಕ್ಷೆಯಿಲ್ಲದೆಯೇ ಸಾಧಾರಣ ಪ್ರಮಾಣದ ಡಿ ತೆಗೆದುಕೊಳ್ಳಬಹುದು ಎಂಬುದು ಅದರ ಸಲಹೆ. ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಡಿ ಪರೀಕ್ಷೆ ಇದ್ದೇ ಇರುತ್ತದೆಂಬುದು ಅದರ ಅಗತ್ಯಕ್ಕೆ ಸಾಕ್ಷಿಯಲ್ಲ.

ಮಾತ್ರೆಯಿಂದ ಮೂಳೆ ಮುರಿಯುವುದು ತಪ್ಪುತ್ತದೆಯೇ?

ಈ ಪ್ರಶ್ನೆಗೆ ಮೂವತ್ತು ವರ್ಷಗಳಲ್ಲಿ ಬಂದ ಉತ್ತರಗಳು ಒಂದೇ ದಿಕ್ಕಿನವಲ್ಲ. ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿದ್ದ, ಸರಾಸರಿ 84 ವಯಸ್ಸಿನ 3270 ಹೆಂಗಸರ ಮೇಲೆ ನಡೆದ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 800 ಯೂನಿಟ್ ಡಿ3 ಪಡೆದವರಲ್ಲಿ ಒಂದೂವರೆ ವರ್ಷದಲ್ಲಿ ಸೊಂಟದ ಮೂಳೆ ಮುರಿತ ಶೇಕಡಾ 43ರಷ್ಟು ಕಡಿಮೆಯಾಗಿತ್ತು. ಜಗತ್ತಿನಾದ್ಯಂತ ಕ್ಯಾಲ್ಸಿಯಂ-ಡಿ ಮಾತ್ರೆಗೆ ಬಂದ ಹೆಸರಿನ ಹಿಂದೆ ಈ ಫಲಿತಾಂಶದ ದೊಡ್ಡ ಪಾಲಿದೆ. ಆದರೆ 2006ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ, ಮನೆಯಲ್ಲೇ ಓಡಾಡಿಕೊಂಡಿದ್ದ 36,282 ಹೆಂಗಸರಲ್ಲಿ, ಮೂಳೆಯ ಸಾಂದ್ರತೆ ತುಸು ಸುಧಾರಿಸಿತೇ ಹೊರತು ಮುರಿತ ಖಚಿತವಾಗಿ ತಗ್ಗಲಿಲ್ಲ. ಕಿಡ್ನಿಯ ಕಲ್ಲು ಶೇಕಡಾ 17ರಷ್ಟು ಹೆಚ್ಚಾಯಿತು. 2022ರ ಇನ್ನೊಂದು ಅಧ್ಯಯನದಲ್ಲಿ 25,871 ಮಂದಿಯಲ್ಲಿ ಅರ್ಧದಷ್ಟು ಜನ ದಿನಕ್ಕೆ 2000 ಯೂನಿಟ್ ಡಿ3 ತೆಗೆದುಕೊಂಡರೂ ಮುರಿತದ ಪ್ರಮಾಣ ಬದಲಾಗಲಿಲ್ಲ.

ಇವು ಪರಸ್ಪರ ವಿರುದ್ಧವೆಂದು ಕಂಡರೂ ಒಳಗೊಂದು ತರ್ಕವಿದೆ. ಫ್ರಾನ್ಸಿನ ಆ ವೃದ್ಧೆಯರಿಗೆ ಬಿಸಿಲಿಲ್ಲ, ಊಟವೂ ಅಷ್ಟಕ್ಕಷ್ಟೆ. ಕೊರತೆಯಿತ್ತು, ತುಂಬಿದಾಗ ಫಲ ಕಂಡಿತು. ಅಮೆರಿಕದ ಹೆಂಗಸರು ಊಟ ಮತ್ತು ತಾವೇ ಕೊಂಡ ಮಾತ್ರೆ ಸೇರಿ ಸರಾಸರಿ ಸಾವಿರ ಮಿಲಿಗ್ರಾಂ ಮೀರಿ ಮೊದಲೇ ಪಡೆಯುತ್ತಿದ್ದರು. ತುಂಬಿದ್ದರ ಮೇಲೆ ಸುರಿದದ್ದು ಹೊರಚೆಲ್ಲಿತು. ಹೆಚ್ಚು ಕೊಟ್ಟರೆ ಹೆಚ್ಚು ಗಟ್ಟಿ ಎಂಬ ಎಣಿಕೆ ಇನ್ನೂ ಸ್ಪಷ್ಟವಾಗಿ ಮುರಿದುಬಿದ್ದಿದೆ. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ 2256 ಹೆಂಗಸರಲ್ಲಿ ಒಂದು ಗುಂಪಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಡಿ ಒಟ್ಟಿಗೇ ಕೊಟ್ಟಾಗ ಆ ಗುಂಪಿನವರು ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತೆಂದು 2010ರಲ್ಲಿ ವರದಿಯಾಯಿತು. ಕೆನಡಾದ ಕ್ಯಾಲ್ಗರಿಯಲ್ಲಿ ಮೂರು ವರ್ಷ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 10,000 ಯೂನಿಟ್ ಪಡೆದವರ ಮೂಳೆಸಾಂದ್ರತೆ 400 ಪಡೆದವರದಕ್ಕಿಂತ ಕಡಿಮೆಯಿತ್ತು.

ಕಿಡ್ನಿಯಲ್ಲಿ ಕಲ್ಲಿದ್ದವರು ಹಾಲು-ಮೊಸರು ಬಿಡಬೇಕೆಂಬ ಮಾತೂ ಚಲಾವಣೆಯಲ್ಲಿದೆ. ಅಮೆರಿಕದ ದೊಡ್ಡ ಸಮೀಕ್ಷೆಗಳು ಕಂಡದ್ದು ತಿರುವುಮುರುವು: ಊಟದಿಂದ ಕ್ಯಾಲ್ಸಿಯಂ ಚೆನ್ನಾಗಿ ಪಡೆಯುವವರಲ್ಲಿ ಕಲ್ಲು ಕಡಿಮೆ, ಏಕೆಂದರೆ ಅದು ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಕಲ್ಲಿನ ಅಪಾಯ ಹೆಚ್ಚಿದ್ದು ಮಾತ್ರೆ ತಿನ್ನುವವರಲ್ಲಿ, ಅದರಲ್ಲೂ ಊಟದ ಹೊತ್ತು ಬಿಟ್ಟು ತಿಂದರೆ. ಕಲ್ಲಾಗಿದ್ದವರು ಮಾತ್ರೆ ಹಿಡಿಯುವ ಮುನ್ನ ವೈದ್ಯರಿಗೆ ಹೇಳಲೇಬೇಕು. ಹೃದಯದ ವಿಷಯದಲ್ಲಿ ಇನ್ನೂ ಚರ್ಚೆ ಮುಗಿದಿಲ್ಲ. ಕ್ಯಾಲ್ಸಿಯಂ ಮಾತ್ರೆಯಿಂದ ಹೃದಯಾಘಾತ ಹೆಚ್ಚಬಹುದೆಂದು ನ್ಯೂಜಿಲೆಂಡಿನ ತಂಡವೊಂದು 2010ರಲ್ಲಿ ಎಚ್ಚರಿಸಿತು, ಆಮೇಲಿನ ಕೆಲವು ಅಧ್ಯಯನಗಳು ಅದನ್ನು ಒಪ್ಪಲಿಲ್ಲ. ಅಂತರಕ್ಕೆ ಬೇಕಾದಷ್ಟೇ ತೆಗೆದುಕೊಳ್ಳಬೇಕೆಂಬುದಕ್ಕೆ ಇದೂ ಒಂದು ಕಾರಣ.

ಹತ್ತು ಪದಾರ್ಥಗಳ ಕ್ಯಾಪ್ಸೂಲ್

ಈಗ ಬರುತ್ತಿರುವ ದುಬಾರಿ ಮಾತ್ರೆಗಳಲ್ಲಿ ಕ್ಯಾಲ್ಸಿಯಂ, ಡಿ3ರ ಜೊತೆ ಮೆಗ್ನೀಸಿಯಂ, ಸತು, ಬೋರಾನ್, ವಿಟಮಿನ್ ಕೆ2, ಮೀಥೈಲ್‌ಕೊಬಾಲಮಿನ್, ಒಮೆಗಾ-3 ಎಲ್ಲ ಇರುತ್ತವೆ. ಪಟ್ಟಿ ಉದ್ದವಾದಷ್ಟೂ ಬೆಲೆ ಏರುತ್ತದೆ, ಒಂದೊಂದರ ಪ್ರಮಾಣ ಮಾತ್ರ ಪುಡಿಗಾಸು. ಮೆಗ್ನೀಸಿಯಂ ಮೂಳೆಗೆ ಬೇಕು ನಿಜ, ಆದರೆ ರಾಗಿ, ಜೋಳ, ಕಡಲೆಕಾಯಿ, ಬೇಳೆ, ಸೊಪ್ಪು ತಿನ್ನುವವರಿಗೆ ಅದು ಸುಲಭವಾಗಿ ಸಿಗುತ್ತದೆ. ಮಾತ್ರೆಯಲ್ಲಿ ಹೆಚ್ಚಾದರೆ ಭೇದಿ. ಕೆ2 ಕ್ಯಾಲ್ಸಿಯಂ ಅನ್ನು ರಕ್ತನಾಳಕ್ಕೆ ಹೋಗದಂತೆ ತಡೆದು ಮೂಳೆಗೆ ಸಾಗಿಸುತ್ತದೆ ಎಂಬ ಜಾಹೀರಾತಿನ ಹಿಂದೆ ಒಂದಿಷ್ಟು ಜೀವರಸಾಯನವಿದೆ. ಮುರಿತ ತಡೆಯುತ್ತದೆಂಬ ಗಟ್ಟಿ ಪುರಾವೆ ಇಲ್ಲ. ಜಪಾನಿನಲ್ಲಿ ಔಷಧವಾಗಿ ಬಳಸುವ ಕೆ2ರ ಬಗೆ ಬೇರೆ, ಪ್ರಮಾಣವಂತೂ ಸಾವಿರ ಪಟ್ಟಿನ ಹತ್ತಿರ. ಹೃದಯದ ಕವಾಟದ ಆಪರೇಷನ್ ಆಗಿ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತೆಗೆದುಕೊಳ್ಳುವವರು ಕೆ2 ಇರುವ ಮಾತ್ರೆ ಮುಟ್ಟಲೇಬಾರದು. ಅದು ರಕ್ತ ತೆಳುವಾಗಿಸುವ ಔಷಧದ ಕೆಲಸವನ್ನೇ ಕೆಡಿಸುತ್ತದೆ.

ಕ್ಯಾಲ್ಸಿಟ್ರಿಯಾಲ್ ವಿಷಯ ಇನ್ನೂ ಗಂಭೀರ. ಕಿಡ್ನಿ ಡಿ3ಯನ್ನು ಮಾರ್ಪಡಿಸಿ ಮಾಡುವ ಅಂತಿಮ ಹಾರ್ಮೋನ್ ಅದು. ಕಿಡ್ನಿ ಕೆಟ್ಟವರಿಗೆ, ಪ್ಯಾರಾಥೈರಾಯ್ಡ್ ಗ್ರಂಥಿ ಕಳೆದುಕೊಂಡವರಿಗೆ ಅದು ಬೇಕೇಬೇಕು. ಉಳಿದವರಿಗೆ ಸಾದಾ ಡಿ3 ಸಾಕು. ಅಗತ್ಯವಿದ್ದಷ್ಟನ್ನೇ ಕಿಡ್ನಿ ತಯಾರಿಸಿಕೊಳ್ಳುತ್ತದೆ. ಕ್ಯಾಲ್ಸಿಟ್ರಿಯಾಲ್ ನೇರವಾಗಿ ನುಂಗಿದರೆ ಆ ಹತೋಟಿ ತಪ್ಪಿ ರಕ್ತದ ಕ್ಯಾಲ್ಸಿಯಂ ಏರಬಹುದು. ಸಾಮಾನ್ಯ ಸೊಂಟನೋವಿಗೆ ಕ್ಯಾಲ್ಸಿಟ್ರಿಯಾಲ್ ಬೆರೆತ ಕ್ಯಾಪ್ಸೂಲನ್ನು ತಿಂಗಳುಗಟ್ಟಲೆ ತಿನ್ನುವುದು ಅನಗತ್ಯ.

ಗರ್ಭಿಣಿಯರ ಲೆಕ್ಕ ಬೇರೆ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ 14ನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು ಮಾತ್ರೆ. ಒಂದೊಂದರಲ್ಲೂ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ಡಿ3. ಆಶಾ ಕಾರ್ಯಕರ್ತೆಯರ ಮೂಲಕ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇವು ಉಚಿತ. ತಾಯಿಯ ಮೂಳೆ ಉಳಿಸುವುದಷ್ಟೇ ಇದರ ಉದ್ದೇಶವಲ್ಲ. ರಕ್ತದೊತ್ತಡ ಏರಿ ತಾಯಿ-ಮಗುವಿನ ಜೀವಕ್ಕೆ ಕುತ್ತಾಗುವ ಪ್ರಿಎಕ್ಲಾಂಪ್ಸಿಯಾ ತಡೆಯುವುದೂ ಹೌದು. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ 1500ರಿಂದ 2000 ಮಿಲಿಗ್ರಾಂ ಹೇಳುತ್ತಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಟಾಂಜಾನಿಯಾದ ತಂಡ ತಲಾ 11,000 ಗರ್ಭಿಣಿಯರಲ್ಲಿ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಪ್ರಿಎಕ್ಲಾಂಪ್ಸಿಯಾ ತಡೆಯಲು ದಿನಕ್ಕೆ 500 ಮಿಲಿಗ್ರಾಂ ಕೂಡ 1500ಕ್ಕೆ ಕಡಿಮೆಯಿಲ್ಲದೆ ಕೆಲಸ ಮಾಡಿತು. ಮೂರು ಮಾತ್ರೆ ನುಂಗಲಾರದ ಬಸುರಿಗೆ ಇದು ನೆಮ್ಮದಿಯ ಸುದ್ದಿ. ಎದೆಹಾಲಿನಲ್ಲಿ ವಿಟಮಿನ್ ಡಿ ಕಡಿಮೆಯಿರುವುದರಿಂದ ಕೂಸಿಗೆ ಮೊದಲ ವರ್ಷ ದಿನಕ್ಕೆ 400 ಯೂನಿಟ್ಟಿನ ಹನಿ ಕೊಡಬೇಕೆಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಹನಿಯ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 400 ಇದೆಯೋ 800 ಇದೆಯೋ ನೋಡಿಯೇ ಅಳೆಯಬೇಕು.

ಅಂಗಡಿಯಲ್ಲಿ ಸಿಗುವ ಉತ್ಪನ್ನಗಳು ಎರಡು ಕಾನೂನುಗಳ ಕೆಳಗೆ ಬರುತ್ತವೆ. ಔಷಧವೆಂದು ತಯಾರಾದದ್ದರ ಮೇಲೆ ಔಷಧ ತಯಾರಿಕಾ ಲೈಸೆನ್ಸ್ ಸಂಖ್ಯೆ ಇರುತ್ತದೆ. ಆಹಾರಪೂರಕವೆಂದು ಮಾರುವುದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಮತ್ತು ಇದು ಔಷಧವಲ್ಲ ಎಂಬ ಸಾಲು ಇರಬೇಕು. ಎರಡೂ ಇಲ್ಲದಿದ್ದರೆ ಕೊಳ್ಳಬಾರದು. ಅಂಟಂಟಾದ ಮಿಠಾಯಿಯಂಥ ಗಮ್ಮಿಗಳಲ್ಲಿ ಸಕ್ಕರೆ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಜನೌಷಧಿ ಕೇಂದ್ರದಲ್ಲಿ ಸಿಗುವ ಸಾದಾ ಕ್ಯಾಲ್ಸಿಯಂ-ಡಿ3 ಮಾತ್ರೆಯಿಂದ ಹೆಚ್ಚಿನವರ ಅಗತ್ಯ ತೀರುತ್ತದೆ, ದುಬಾರಿ ಡಬ್ಬಿಯ ಬೆಲೆಯ ಒಂದು ಸಣ್ಣ ಪಾಲಿಗೆ.

ಯಾವ ಮಾತ್ರೆಗೂ ಬಗ್ಗದ ಮೂಳೆನೋವುಗಳೂ ಉಂಟು. ಮಂಡಿ ಸವೆದು ಬರುವ ನೋವು ಕೀಲಿನ ಮೃದ್ವಸ್ಥಿಯದು. ಅಲ್ಲಿ ಕ್ಯಾಲ್ಸಿಯಂಗೆ ಕೆಲಸವಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ರಾಯಚೂರು ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿರುವ ಊರುಗಳಿವೆ. ಅಲ್ಲಿ ಬೆನ್ನು ಬಗ್ಗದೆ ಬಿಗಿದುಕೊಳ್ಳುವ ಫ್ಲೋರೋಸಿಸ್‌ಗೆ ಮೊದಲ ಮದ್ದು ಕುಡಿಯುವ ನೀರನ್ನು ಬದಲಿಸುವುದು; ಕ್ಯಾಲ್ಸಿಯಂ ತುಂಬಿದ ಊಟ ನೆರವಿಗೆ ಬರುತ್ತದೆ ಅಷ್ಟೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಸೊಂಟ-ಮಂಡಿಗಳನ್ನು ಕುಗ್ಗಿಸಿ ಮನುಷ್ಯರನ್ನು ತೆವಳುವಂತೆ ಮಾಡಿದ ಕಾಯಿಲೆ ವಂಶವಾಹಿಯದೆಂದು ಗೊತ್ತಾಗಲು ವರ್ಷಗಳೇ ಹಿಡಿದವು.

ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮಣಿಕಟ್ಟು, ಬೆನ್ನು ಅಥವಾ ಸೊಂಟದ ಮೂಳೆ ಮುರಿದರೆ, ಯೌವನದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕುಗ್ಗಿದರೆ, ಬೆನ್ನು ಬಾಗತೊಡಗಿದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕು. ಅದರಲ್ಲಿ ಬರುವ ಟಿ-ಸ್ಕೋರ್ ಎಂಬ ಅಂಕಿ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅದು ಆಸ್ಟಿಯೊಪೊರೋಸಿಸ್. ಆ ಹಂತದಲ್ಲಿ ಮುರಿತವನ್ನು ನಿಜಕ್ಕೂ ತಗ್ಗಿಸುವುದು ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಜೊಲೆಡ್ರೊನಿಕ್ ಆಮ್ಲದಂಥ ಔಷಧಗಳು. ಕ್ಯಾಲ್ಸಿಯಂ ಮತ್ತು ಡಿ ಅವುಗಳ ಜೊತೆಗಾರರು. ಡಿ ಕೊರತೆ ನೀಗಿಸದೆ ಜೊಲೆಡ್ರೊನಿಕ್ ಆಮ್ಲ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಅಪಾಯಕರವಾಗಿ ಇಳಿಯಬಹುದು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಹಿರಿಯರನ್ನು ಮನೆಗೆ ಕರೆತರುವಾಗ ಚೀಟಿಯಲ್ಲಿ ಕ್ಯಾಲ್ಸಿಯಂ ಮಾತ್ರೆಯೊಂದೇ ಇದ್ದರೆ, ಆಸ್ಟಿಯೊಪೊರೋಸಿಸ್‌ಗೆ ಔಷಧ ಬೇಡವೇ ಎಂದು ವೈದ್ಯರನ್ನು ಅಲ್ಲೇ ಕೇಳಬೇಕು.